ಗ್ರಹಣಕ್ಕೆ ಹೋದ ಏಳನೇ ನೆಗೆಟಿವ್

ಈ ಸಲದ ಬೇಸಿಗೆ ರಜೆಯಲ್ಲಿ ನಾನು ಮಾಡಿದ ಘನಕಾರ್ಯ ಒಂದೇ, ಅಪ್ಪನ ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಲು ಕೂತದ್ದು. ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಹನ್ನೊಂದು ಗಂಟೆಯ ಮೇಲೆ ಹೊರಗೆ ತಲೆ ಹಾಕುವಂತಿಲ್ಲ. ಒಳಗಿದ್ದರೆ ನಮ್ಮ ಮನೆಯವರು ಟಿ.ವಿ.ಯಲ್ಲಿ ಕೂಗಾಡುವವರ ಜೊತೆ ತಾವೂ ಕೂಗಾಡುತ್ತಿರುತ್ತಾರೆ. ಇಷ್ಟು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡಿ ನನ್ನ ಗಂಟಲೂ ಸಾಕಾಗಿದೆ, ಕಿವಿಯೂ ಸಾಕಾಗಿದೆ. ಮಾತಿಲ್ಲದ ಕೆಲಸ ಯಾವುದಾದರೂ ಸಿಕ್ಕರೆ ಸಾಕು ಎನಿಸಿತ್ತು.

ಸ್ಕ್ಯಾನರ್ ಸಿಕ್ಕಿದ್ದು ಆಕಸ್ಮಿಕವಾಗಿ. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಹೋದರೆ ಸ್ಟುಡಿಯೋದವರು ಅಂಗಡಿಯನ್ನೇ ಖಾಲಿ ಮಾಡುತ್ತಿದ್ದರು. ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಯಂತ್ರ ತೋರಿಸಿ, “ಇದ್ರ ಮುಚ್ಚಳದಲ್ಲೂ ಲೈಟೈತೆ ಮೇಡಂ, ನೆಗೆಟಿವ್ ಬತ್ತದೆ. ಈಗ ಯಾರೂ ಕೇಳಲ್ಲ, ತಗೊಂಡೋಗಿ” ಎಂದರು. ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ನಮ್ಮ ಮನೆಯವರು ಅದನ್ನು ನೋಡಿ, “ಇನ್ನೊಂದು ಹಳೇ ಸಾಮಾನು ಬಂತಾ? ನಾನೊಬ್ಬ ಇರೋದು ಸಾಲ್ದಾ?” ಎಂದರು. ಸಾಲದು ಎಂದೆ.

ಅಪ್ಪನ ನೆಗೆಟಿವ್‌ಗಳು ಇದ್ದದ್ದು ನಾನು ಒಂದನೇ ಕ್ಲಾಸಿಗೆ ಹಿಡಿದುಕೊಂಡು ಹೋಗುತ್ತಿದ್ದ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ. ಅಪ್ಪ ತೀರಿಕೊಂಡು ಆರು ವರ್ಷವಾದರೂ ಅದನ್ನು ತೆರೆಯಲು ನನಗೆ ಮನಸ್ಸು ಬಂದಿರಲಿಲ್ಲ. ತೆರೆದಾಗ ಮೊದಲು ಬಂದದ್ದು ಹುಳಿ ವಾಸನೆ. ಹಳೆಯ ಫಿಲ್ಮು ಕೆಡಲು ಶುರುವಾದರೆ ಹಾಗೆ ನಾರುತ್ತದಂತೆ. ಒಳಗೆ ಬೆಣ್ಣೆ ಕಾಗದದ ಕವರುಗಳು. ಒಂದೊಂದರ ಮೇಲೂ ಅಪ್ಪನ ಗುಂಡಗಿನ ಅಕ್ಷರದಲ್ಲಿ ಆ ರೋಲಿನ ಹನ್ನೆರಡು ಫೋಟೋಗಳ ಪಟ್ಟಿ. ನನ್ನ ಹೋಂವರ್ಕ್ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ ಅದೇ ನೀಲಿ ಶಾಯಿ.

ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್ ಆಗಿದ್ದವರು. ಯಾರ ಗದ್ದೆಯಲ್ಲಿ ಎಷ್ಟು ಕಬ್ಬಿದೆ, ಯಾವಾಗ ಕಟಾವಿಗೆ ಬರುತ್ತದೆ, ಯಾವ ಪೈರಿಗೆ ರೋಗ ತಗಲಿದೆ ಎಂದು ಸೈಕಲ್ಲಿನಲ್ಲಿ ಊರೂರು ತಿರುಗಿ ನೋಡಿಕೊಂಡು ಬರುವುದು ಅವರ ಕೆಲಸ. ಕೊರಳಲ್ಲಿ ಯಾವಾಗಲೂ ಒಂದು ಡಬ್ಬಿ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡೇ ಫೋಟೋ ಆದ್ದರಿಂದ ಕ್ಲಿಕ್ ಅನ್ನಿಸುವ ಮುಂಚೆ ಅವರು ಮಾಡುತ್ತಿದ್ದ ಲೆಕ್ಕಾಚಾರ ಅಷ್ಟಿಷ್ಟಲ್ಲ. ಹಿಂದೆ ಹೋಗು, ಮುಂದೆ ಬಾ, ಬಿಸಿಲು ಮುಖಕ್ಕೆ ಬರಲಿ. ಅಷ್ಟರಲ್ಲಿ ನಮ್ಮ ನಗು ಬಾಡಿ, ಅಮ್ಮನಿಗೆ ಒಲೆಯ ಮೇಲಿನ ಸಾರಿನ ಚಿಂತೆ ಹತ್ತಿರುತ್ತಿತ್ತು. ಹಾಗಾಗಿ ನಮ್ಮ ಮನೆಯ ಫೋಟೋಗಳಲ್ಲೆಲ್ಲ ಅಮ್ಮ ಯಾರ ಮೇಲೋ ಸಿಟ್ಟಾದವಳಂತೆ ಕಾಣುತ್ತಾಳೆ. ರೋಲನ್ನು ಅಪ್ಪ ಬಚ್ಚಲುಮನೆಯಲ್ಲೇ ತೊಳೆದು, ಅಲ್ಲೇ ಕಟ್ಟಿದ ಹಗ್ಗಕ್ಕೆ ನೇತುಹಾಕುತ್ತಿದ್ದರು. ಅದು ಒಣಗುವ ತನಕ ಯಾರಿಗೂ ಸ್ನಾನವಿಲ್ಲ. ನನಗಂತೂ ಅದೇ ಹಬ್ಬ.

ಪೆಟ್ಟಿಗೆಯ ತಳದಲ್ಲಿ ಒಂದಷ್ಟು ಸ್ಲೈಡುಗಳೂ ಇದ್ದವು. ಅವು ನಮ್ಮ ಮನೆಯವಲ್ಲ, ಕಬ್ಬಿನ ರೋಗದವು. ಬಸರಾಳು, ಆತಗೂರು ಕಡೆಯ ಹಳ್ಳಿಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರಿನಲ್ಲಿ ಅವನ್ನು ತೋರಿಸಿ ರೈತರಿಗೆ ತಿಳಿವಳಿಕೆ ಹೇಳುವ ಕೆಲಸವೂ ಅಪ್ಪನಿಗಿತ್ತು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಸಿನಿಮಾ ಬಂದಿದೆ ಎಂದು ಇಡೀ ಊರು ಚಾಪೆ ಹಾಸಿಕೊಂಡು ಕೂತಿತ್ತು. ಪಂಚೆಯ ಮೇಲೆ ಮೊದಲು ಸೀಳಿದ ಕಬ್ಬಿನ ಕೆಂಪು ಕೊಳೆ ಬಂತು, ಆಮೇಲೆ ಕಾಂಡ ಕೊರೆಯುವ ಹುಳ ಬಂತು, ಆಮೇಲೆ ಇನ್ನೊಂದು ಹುಳ. “ಗದ್ದೇಲಿರೋ ಉಳ ಸಾಲ್ದು ಅಂತ ಇವ್ರು ಬೇರೆ ಒತ್ಕಂಡ್ ಬಂದವ್ರೆ” ಎಂದು ಒಬ್ಬ ಅಜ್ಜಿ ಚಾಪೆ ಸುತ್ತಿಕೊಂಡು ಎದ್ದೇಬಿಟ್ಟಳು. ಆ ಹುಳಗಳೆಲ್ಲ ಈಗ ಬಣ್ಣ ಕೆಟ್ಟು ಗುಲಾಬಿಗೆ ತಿರುಗಿವೆ. ಆದರೂ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟಿದ್ದೇನೆ, ಯಾಕೆಂದು ಕೇಳಬೇಡಿ.

ಕೆಲಸ ಕಷ್ಟದ್ದಲ್ಲ, ನಿಧಾನದ್ದು. ಹತ್ತಿಯ ಕೈಗವಸು ಹಾಕಿಕೊಂಡು ನೆಗೆಟಿವ್ ಪಟ್ಟಿಯನ್ನು ಅಂಚಿನಲ್ಲಿ ಹಿಡಿಯಬೇಕು, ರಬ್ಬರ್ ಬುರುಡೆ ಅದುಮಿ ಗಾಳಿ ಊದಿ ಧೂಳು ಹಾರಿಸಬೇಕು, ಗಾಜಿನ ಮೇಲೆ ನೆಟ್ಟಗೆ ಮಲಗಿಸಬೇಕು. ಮುಚ್ಚಿದರೆ ಯಂತ್ರ ಗುಂಯ್‌ಗುಡುತ್ತಾ ಬೆಳಕು ಎಳೆದುಕೊಂಡು ಹೋಗುತ್ತದೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಕರಿಯ ಮುಖಗಳು ಬೆಳ್ಳಗಾಗಿ, ಬಿಳಿ ಕೂದಲು ಕಪ್ಪಾಗಿ, ಜನ ಎದ್ದು ಬರುತ್ತಾರೆ. ಹಿತ್ತಿಲಲ್ಲಿ ತಲೆ ಒಣಗಿಸಿಕೊಳ್ಳುವ ಅಮ್ಮ, ಮುಂದಿನ ಹಲ್ಲಿಲ್ಲದ ನಾನು, ಮದ್ದೂರು ಸ್ಟೇಷನ್ನಿನಲ್ಲಿ ಟ್ರಂಕಿನ ಮೇಲೆ ಕೂತ ಅಜ್ಜಿ. ದಿನಕ್ಕೆ ಎರಡು ಕವರು ಎಂದುಕೊಂಡವಳು ನಾಲ್ಕಕ್ಕೂ ನಿಲ್ಲಿಸುತ್ತಿರಲಿಲ್ಲ. ಅವರನ್ನೆಲ್ಲ ಹಾಗೆ ನೋಡಿ ನನಗೆ ಎಷ್ಟು ಸಂಕಟವಾಯಿತೋ ಅಷ್ಟೇ ಖುಷಿಯೂ ಆಯಿತು.

ಒಂದು ಕವರನ್ನು ಮಾತ್ರ ನಾನು ಬೇಕೆಂದೇ ಹುಡುಕುತ್ತಿದ್ದೆ. ಅದಕ್ಕೆ ಅತ್ತೆಯ ಕಥೆ ಹೇಳಬೇಕು.

ಅತ್ತೆ ಎಂದರೆ ಅಪ್ಪನ ತಂಗಿ. ಮಳವಳ್ಳಿಯಿಂದ ನಾಲ್ಕು ಮೈಲಿ ಒಳಗಿನ ಹಳ್ಳಿಗೆ ಅವರನ್ನು ಕೊಟ್ಟಿದ್ದರು. ಮದುವೆಯಾಗಿ ಮೂರನೇ ವರ್ಷಕ್ಕೆ ಮಾವ ಜ್ವರ ಬಂದು ಎಂಟೇ ದಿನಕ್ಕೆ ಹೋಗಿಬಿಟ್ಟರು. ಆಗ ಅತ್ತೆಗೆ ಇಪ್ಪತ್ತೆರಡು, ಮಗ ಎಂಟು ತಿಂಗಳ ಕೂಸು. ಅವರ ಮದುವೆಗೆ ಫೋಟೋದವರನ್ನು ಕರೆಸಿರಲಿಲ್ಲ. ಮಾವನದೆಂದು ಇದ್ದದ್ದು ಒಂದೇ ಫೋಟೋ, ಕಬ್ಬು ಕಟಾವಿನ ಸಮಯದಲ್ಲಿ ಅಪ್ಪ ಗಾಡಿಯ ಮುಂದೆ ನಿಲ್ಲಿಸಿ ತೆಗೆದದ್ದು. ಅದರ ಪ್ರಿಂಟನ್ನು ಮಾವನ ತಾಯಿ ಮಣ್ಣು ಮಾಡುವ ದಿನ ಅವರ ಜೇಬಿಗಿಟ್ಟು ಕಳಿಸಿಬಿಟ್ಟರು. ಮಗನ ಮುಖ ಮಗನ ಜೊತೆಗೇ ಹೋಗಲಿ ಎಂದು ಆ ತಾಯಿಗೆ ಅನಿಸಿರಬೇಕು. ಸೊಸೆಯನ್ನು ಯಾರು ಕೇಳುತ್ತಾರೆ.

ಅತ್ತೆ ಕೆಲವು ವರ್ಷ ಸುಮ್ಮನಿದ್ದರು. ಮಗ ಶಾಲೆಗೆ ಸೇರಿ, “ನಮ್ಮಪ್ಪ ಎಂಗಿದ್ದ?” ಎಂದು ಕೇಳಲು ಶುರು ಮಾಡಿದ ಮೇಲೆ ಅಣ್ಣನನ್ನು ಕೇಳಿದರು. ನೆಗೆಟಿವ್ ಇದ್ದೇ ಇರುತ್ತದಲ್ಲ, ಇನ್ನೊಂದು ಪ್ರಿಂಟ್ ಹಾಕಿಸಿಕೊಡು ಎಂದು. ಅಪ್ಪ ಹುಡುಕಿದರು, ಸಿಗಲಿಲ್ಲ. ಕಳೆದುಹೋಗಿದೆ ಎಂದು ಹೇಳಲು ತಾವೇ ಹೋದರು. ಅವತ್ತು ನಾನೂ ಜೊತೆಗಿದ್ದೆ. “ಕಬ್ಬಿನ್ ಉಳದ್ ಪಟ ಎಲ್ಲಾ ಜ್ವಾಪಾನವಾಗಿ ಮಡೀಕಂಡಿದ್ದೀಯ. ನನ್ ಗಂಡಂದು ಒಂದು ಕಾಯಕ್ಕಾಗ್ನಿಲ್ವಾ ನಿಂಗೆ?” ಎಂದು ಅತ್ತೆ ಅಣ್ಣನ ಮುಖಕ್ಕೇ ಕೇಳಿದರು. ಅಪ್ಪ ಬಡಿಸಿದ ಎಲೆಯ ಮುಂದಿನಿಂದ ಎದ್ದುಬಂದರು. ಆಮೇಲೆ ಪ್ರತಿ ಗೌರಿ ಹಬ್ಬಕ್ಕೂ ತಪ್ಪದೆ ಸೀರೆ ಕೊಡಲು ಹೋಗುತ್ತಿದ್ದರು, ಮಾತಾಡಿಕೊಂಡು ಬರುತ್ತಿದ್ದರು, ಆದರೆ ಆ ಮನೆಯಲ್ಲಿ ಮತ್ತೆ ಊಟಕ್ಕೆ ಕೂರಲಿಲ್ಲ. ಅತ್ತೆಯೂ ಕೂರು ಎನ್ನಲಿಲ್ಲ. ಇಬ್ಬರದೂ ಒಂದೇ ರಕ್ತ, ಒಂದೇ ಹಟ.

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರ ಫೋಟೋ ಸಾಲಾಗಿ ಇಟ್ಟು, ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯಲ್ಲಿ ಎಡೆ ಇಡುತ್ತಾರೆ. ಅತ್ತೆಯ ಮನೆಯ ಸಾಲಿನಲ್ಲಿ ಅವರ ಅತ್ತೆ ಮಾವನ ಫೋಟೋ ಇದೆ, ಮೈದುನನದೂ ಇದೆ. ಗಂಡನ ಜಾಗದಲ್ಲಿ ಒಂದು ಕಳಸ. ಹೋದ ವರ್ಷ ಪಕ್ಷಕ್ಕೆ ಹೋದಾಗ ಅತ್ತೆ ನನ್ನ ಕೈ ಹಿಡಿದುಕೊಂಡು, “ಚೆಂಬ್ಗೆ ಎಡೆ ಇಕ್ಕಿ ಇಕ್ಕಿ ಸಾಕಾಯ್ತು ಕಣವ್ವ. ಅವ್ರ್ ಮೊಕ ನಂಗೇ ಮರ್ತೋಗದೆ. ಕಣ್ ಮುಚ್ಚುದ್ರೆ ಬತ್ತಾ ಇತ್ತು, ಈಗ ಬರಾಕಿಲ್ಲ” ಎಂದರು. ನಾನು ಸ್ಕ್ಯಾನರ್ ಹೊತ್ತು ತಂದದ್ದಕ್ಕೆ ಬಿಸಿಲು, ಟಿ.ವಿ. ಎಲ್ಲ ನೆಪ. ನಿಜವಾದ ಕಾರಣ ಇದು. ಅಪ್ಪನ ಕೈತಪ್ಪಿ ಆ ನೆಗೆಟಿವ್ ಬೇರೆ ಯಾವುದಾದರೂ ಕವರಿಗೆ ಸೇರಿರಬಹುದು ಎಂಬ ಆಸೆ ಇತ್ತು.

ಒಂಬತ್ತನೇ ದಿನ ಕವರು ಸಿಕ್ಕಿತು. “ತಂಗಿ ಮನೆ, ಕಬ್ಬು ಕಟಾವು” ಎಂದು ಮೇಲೆ ಬರೆದಿತ್ತು. ಒಳಗೆ ಮೂರು ಮೂರು ಫೋಟೋಗಳ ನಾಲ್ಕು ಪಟ್ಟಿ ಇರಬೇಕು, ಮೂರೇ ಇದ್ದವು. ಕವರಿನ ಮೇಲಿನ ಬರಹ ನೋಡಿದರೆ, ಏಳು: ತಂಗಿ ಯಜಮಾನರು, ಗಾಡಿ ಮುಂದೆ. ಎಂಟು: ಎತ್ತುಗಳು. ಒಂಬತ್ತು: ಎತ್ತುಗಳು, ಕೆಟ್ಟಿದೆ. ಅದರ ಕೆಳಗೆ, ಬೇರೆ ಪೆನ್ನಿನಲ್ಲಿ, ಆಮೇಲೆ ಯಾವಾಗಲೋ ಬರೆದ ಒಂದು ಸಾಲು: “ಏಳು, ಎಂಟು, ಒಂಬತ್ತು ಗ್ರಹಣಕ್ಕೆ ಹೋದವು. ತಂಗಿಗೆ ಹೇಳಬಾರದು.”

ನಾನು ಆ ಸಾಲನ್ನು ಎರಡು ಸಲ ಓದಿದೆ. ಮೂರನೇ ಸಲಕ್ಕೆ ಆ ಗ್ರಹಣ ನೆನಪಾಯಿತು.

ನನಗಾಗ ಒಂಬತ್ತು ವರ್ಷ. ದೊಡ್ಡ ಸೂರ್ಯಗ್ರಹಣವೆಂದು ಊರಿಗೆ ಊರೇ ಹೆದರಿ ಬಾಗಿಲು ಹಾಕಿಕೊಂಡಿತ್ತು. ಅಜ್ಜಿ ನೀರಿನ ಕೊಡದಿಂದ ಹಿಡಿದು ಉಪ್ಪಿನಕಾಯಿ ಜಾಡಿಯ ತನಕ ಎಲ್ಲದರ ಮೇಲೂ ದರ್ಭೆ ಇಟ್ಟಿದ್ದಳು. ಅತ್ತೆ ಮಗನನ್ನು ಕರೆದುಕೊಂಡು ಮಂಡ್ಯಕ್ಕೆ, ನಮ್ಮ ಕ್ವಾರ್ಟರ್ಸಿಗೆ ಬಂದಿದ್ದರು. ಶಾಲೆಯಲ್ಲಿ ಮೇಷ್ಟ್ರು ಮಾತ್ರ, ಹೆದರಬೇಡಿ, ಬರಿಗಣ್ಣಲ್ಲಿ ನೋಡಬೇಡಿ, ಕಪ್ಪಗಿರುವ ಫಿಲ್ಮಿನಲ್ಲಿ ನೋಡಿ ಎಂದಿದ್ದರು. ಈಗ ನಾನು ಪ್ರತಿ ಗ್ರಹಣಕ್ಕೂ ಮಕ್ಕಳಿಗೆ ಫಿಲ್ಮಿನಲ್ಲಿ ನೋಡಿದರೆ ಕಣ್ಣು ಹೋಗುತ್ತದೆ, ಅದಕ್ಕೆಂದೇ ಮಾಡಿದ ಕನ್ನಡಕ ಹಾಕಿಕೊಳ್ಳಿ ಎಂದು ಬಡಿದುಕೊಳ್ಳುತ್ತೇನೆ. ಆಗ ನಮಗೆ ಮೇಷ್ಟ್ರು ಹೇಳಿದ್ದೇ ವೇದ.

ಫಿಲ್ಮಿಗೆ ನಮ್ಮ ಮನೆಯಲ್ಲಿ ಏನು ಬರ. ಅಪ್ಪ ಇಲ್ಲದ ಹೊತ್ತು ನೋಡಿ ಕವರುಗಳನ್ನು ಬಿಚ್ಚಿ, ಒಂದೊಂದು ಪಟ್ಟಿಯನ್ನೂ ಕಿಟಕಿಗೆ ಹಿಡಿದು, ಯಾವುದು ಹೆಚ್ಚು ಕಪ್ಪೋ ಅದನ್ನು ಆರಿಸಿದೆ. ಬಿಸಿಲಲ್ಲಿ ಬಿಳಿ ಷರ್ಟು, ಬಿಳಿ ಪಂಚೆ, ಬಿಳಿ ಎತ್ತು. ಅಪ್ಪ ಬೆಳಕನ್ನೂ ಒಂದಿಷ್ಟು ಜಾಸ್ತಿ ಬಿಟ್ಟಿದ್ದರೇನೋ. ನೆಗೆಟಿವ್‌ನಲ್ಲಿ ಅದೆಲ್ಲ ಕಡುಗಪ್ಪಾಗಿತ್ತು. ಅದರಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ ಎಂಬುದು ನನ್ನ ಕಣ್ಣಿಗೆ ಬಿದ್ದಿರಬೇಕು. ಯಾರು ಎಂದು ಯೋಚಿಸಲಿಲ್ಲ. ಕತ್ತರಿಯಲ್ಲಿ ಬಿಡಿಬಿಡಿಯಾಗಿ ಕತ್ತರಿಸಿ, ಹಳೆಯ ಮದುವೆ ಕರೆಯೋಲೆಯ ರಟ್ಟಿಗೆ ಕಿಟಕಿ ಕೊರೆದು, ಎರಡೆರಡು ನೆಗೆಟಿವ್ ಒಂದರ ಮೇಲೊಂದು ಇಟ್ಟು ಮೈದಾ ಅಂಟಿನಲ್ಲಿ ಅಂಟಿಸಿದೆ. ಬೇರೆ ರೋಲಿನವೂ ಸೇರಿ ನಾಲ್ಕು ಗ್ರಹಣದ ಕನ್ನಡಕ ಆದವು. ನನಗೊಂದು, ಪಕ್ಕದ ಮನೆಯ ಅಕ್ಕತಂಗಿಯರಿಗೆ ಎರಡು, ಅತ್ತೆಯ ಮಗನಿಗೆ ಒಂದು. ಅವನು ಎಲ್ಲರಿಗಿಂತ ಚಿಕ್ಕವನು, ಅವನ ಕಣ್ಣಿಗೆ ಏನೂ ಆಗಬಾರದೆಂದು ಎಲ್ಲಕ್ಕಿಂತ ಕಪ್ಪಗಿದ್ದ ಜೋಡಿಯನ್ನು ಅವನಿಗೇ ಕೊಟ್ಟೆ. ನಾಲ್ಕೂ ಜನ ಹಿತ್ತಿಲ ಗೋಡೆಯ ಹಿಂದೆ ಕದ್ದು ನಿಂತು ನೋಡಿದೆವು. ಯಾರೋ ಕಚ್ಚಿಟ್ಟ ಒಬ್ಬಟ್ಟಿನ ಹಾಗಿದ್ದ ಸೂರ್ಯ ಈಗಲೂ ನನ್ನ ಕಣ್ಣಲ್ಲಿದೆ.

ಅಜ್ಜಿಗೆ ಗೊತ್ತಾಗದೆ ಇರುತ್ತದೆಯೇ. ಗ್ರಹಣ ಬಿಟ್ಟ ಮೇಲೆ ಉಟ್ಟ ಬಟ್ಟೆಯ ಸಮೇತ ತಲೆಯ ಮೇಲೆ ನೀರು ಸುರಿದಳು. ಗ್ರಹಣದ ಮೈಲಿಗೆ ತಗಲಿದ್ದು ಮನೆಯಲ್ಲಿ ಇರಕೂಡದು ಎಂದು ಕನ್ನಡಕಗಳನ್ನೆಲ್ಲ ಕಿತ್ತುಕೊಂಡು ಬಚ್ಚಲೊಲೆಗೆ ಹಾಕಿದಳು. ಭಗ್ಗೆಂದು ಉರಿದವು. ಅತ್ತೆಯ ಮಗ ಮಾತ್ರ ತನ್ನದು ಎಲ್ಲೋ ಬಿದ್ದುಹೋಯಿತೆಂದು ಅತ್ತ. ಹೋದರೆ ಹೋಗಲಿ ಎಂದು ಅಜ್ಜಿ ಸುಮ್ಮನಾದಳು. ಇದಾಗಿ ಒಂದು ವರ್ಷದ ಮೇಲೆ ಅತ್ತೆ ಫೋಟೋ ಕೇಳಿದ್ದು. ಆಗ ಪೆಟ್ಟಿಗೆ ತೆರೆದ ಅಪ್ಪ ನನ್ನನ್ನು ಕರೆದು, ಗ್ರಹಣದ ಕನ್ನಡಕಕ್ಕೆ ಫಿಲ್ಮು ಎಲ್ಲಿಂದ ತೆಗೆದೆ ಮಗಾ ಎಂದಷ್ಟೇ ಕೇಳಿದರು. ಇದರಿಂದಲೇ ಎಂದು ಪೆಟ್ಟಿಗೆ ತೋರಿಸಿ ಆಡಲು ಓಡಿಹೋಗಿದ್ದೆ. ಆಮೇಲೆ ಆ ಪೆಟ್ಟಿಗೆಗೆ ಬೀಗ ಬಿತ್ತು.

ಎಂಥ ದಡ್ಡಿ ನಾನು. ಅತ್ತೆ ಅಪ್ಪನನ್ನು ಬೈದಾಗ ಪಕ್ಕದಲ್ಲೇ ಕೂತು ಪಾಯಸ ಕುಡಿಯುತ್ತಿದ್ದೆ. ಅಪ್ಪ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು, ಮಗು ಕತ್ತರಿಸಿತು, ಅವ್ವ ಸುಟ್ಟಳು ಎಂದು. ಹೇಳಲಿಲ್ಲ. ಮಗಳನ್ನೂ ತಾಯಿಯನ್ನೂ ಉಳಿಸಿ, ತಾವು ಬೈಸಿಕೊಂಡು, ಸಾಯುವ ತನಕ ತಂಗಿಯ ಮನೆಯಲ್ಲಿ ಬರೀ ನೀರು ಕುಡಿದು ಬಂದರು. ನಾನು ಸ್ಕ್ಯಾನರಿನ ಮುಂದೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ನಮ್ಮ ಮನೆಯವರು ಟಿ.ವಿ. ಆರಿಸಿ ಬಂದು ಪಕ್ಕದಲ್ಲಿ ಕೂತರು.

ಅಳು ಮುಗಿದ ಮೇಲೆ ತಲೆ ಓಡಿತು. ನಾಲ್ಕರಲ್ಲಿ ಅಜ್ಜಿ ಸುಟ್ಟದ್ದು ಮೂರು. ಅತ್ತೆಯ ಮಗನಿಗೆ ಫೋನ್ ಮಾಡಿದೆ. ಅವನೀಗ ಐವತ್ತರ ಗಂಡಸು, ಕಬ್ಬು ಹಾಕುತ್ತಾನೆ, ಒಂದಿಷ್ಟು ರೇಷ್ಮೆ ಸಾಕುತ್ತಾನೆ. ಚಿಕ್ಕವನಿದ್ದಾಗ ನಾನು ಒಂದು ಗ್ರಹಣದ ಕನ್ನಡಕ ಮಾಡಿಕೊಟ್ಟಿದ್ದೆ, ನೆನಪಿದೆಯಾ ಎಂದೆ.

“ಅದಾ? ಐತೆ ಕಣಕ್ಕ. ಅಜ್ಜಿ ಕಿತ್ಕತ್ತದೆ ಅಂತ ಚಡ್ಡಿ ಒಳಕ್ಕೆ ಸಿಗಿಸ್ಕಂಡ್ ತಂದಿದ್ದೆ. ಅಟ್ಟದ್ ಮೇಲೆ ಟ್ರಂಕ್ನಲ್ಲೈತೆ. ಅದಾದ್ಮೇಲ್ ಬಂದ್ ಗ್ರಾಣಕ್ಕೆಲ್ಲ ಅದ್ರಲ್ಲೇ ನೋಡಿದ್ದು. ನನ್ ಮಗಳೂ ನೋಡವ್ಳೆ” ಎಂದ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬೇಕಿತ್ತು ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ. ಟೀಚರ್ ಆದವಳಿಗೆ ಸುಳ್ಳು ಹೇಳಲು ಪ್ರದರ್ಶನದಷ್ಟು ಒಳ್ಳೆಯ ನೆಪ ಇನ್ನೊಂದಿಲ್ಲ.

ಮಾರನೇ ದಿನವೇ ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಳವಳ್ಳಿಗೆ ಹೋದೆ. ಅವನು ಬೈಕಿನಲ್ಲಿ ಬಂದು ಬಸ್‌ಸ್ಟ್ಯಾಂಡಿನಲ್ಲೇ ಅದನ್ನು ಕೊಟ್ಟ. ಮನೆಗೆ ಬಾ ಎಂದರೂ ಹೋಗಲಿಲ್ಲ. ಅತ್ತೆಯ ಮುಖ ನೋಡುವ ಧೈರ್ಯ ಇರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಹಿಡಿದು ನೋಡಿದೆ. ಒಂದರ ಮೇಲೊಂದು ಎರಡು ಕಪ್ಪು ಚೌಕ, ಏನೂ ತಿಳಿಯಲಿಲ್ಲ. ಮನೆಗೆ ಬಂದು ಶುದ್ಧ ನೀರಿನ ಬಟ್ಟಲಲ್ಲಿ ರಟ್ಟಿನ ಸಮೇತ ನೆನೆಹಾಕಿದೆ. ಅಂಟು ಬಿಟ್ಟು ರಟ್ಟು ಕಳಚಿತು, ಆದರೆ ನೆಗೆಟಿವ್‌ಗಳೆರಡೂ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬಲವಾಗಿ ಎಳೆದರೆ ಚಿತ್ರದ ಪದರವೇ ಕಿತ್ತು ಬರುತ್ತದೆ. ಗಂಟೆಗೊಮ್ಮೆ ನೀರು ಬದಲಾಯಿಸುತ್ತಾ, ಅಂಚಿನಿಂದ ಉಗುರಿನಷ್ಟುಗಲ ಬಿಡಿಸುತ್ತಾ ಎರಡು ದಿನ ಕಳೆದೆ. ಕೊನೆಗೆ ಬೇರೆಯಾದಾಗ ಒಂದರ ಮೇಲಿನ ಚಿತ್ರ ನೀರಿನಲ್ಲಿ ಕದಡಿಹೋಯಿತು. ಉಳಿದದ್ದನ್ನು ಒಣಗಿಸಿ ಸ್ಕ್ಯಾನರಿಗೆ ಇಟ್ಟು ಗುಂಡಿ ಒತ್ತಿದೆ. ಹೋದದ್ದು ಎತ್ತು. ಮಾವ ಉಳಿದಿದ್ದರು.

ಒಂದು ಗೀರು ಪಂಚೆಯ ಮೇಲೆ ಅಡ್ಡ ಬಿದ್ದಿತ್ತು, ಆಕಾಶದಲ್ಲಿ ಬೂಷ್ಟು ಹಿಡಿದ ಕಲೆಗಳು. ಮುಖ ಸ್ಪಷ್ಟವಾಗಿತ್ತು. ಗೀರು ಕಲೆಗಳನ್ನು ನಾನು ಕಂಪ್ಯೂಟರಿನಲ್ಲಿ ಅಳಿಸಲು ಹೋಗಲಿಲ್ಲ.

ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಬೀರುವಿನಲ್ಲಿಟ್ಟೆ. ತೆಗೆದುಕೊಂಡು ಹೋಗಲು ನಾಲ್ಕು ತಿಂಗಳು ಹಿಡಿಯಿತು. ಶಾಲೆ ಶುರುವಾಯಿತು, ಕಿರುಪರೀಕ್ಷೆ ಬಂತು, ಮಳೆ ಬಂತು ಎಂದು ನಾನೇ ನನಗೆ ನೆಪ ಹೇಳಿಕೊಂಡೆ. ಫೋಟೋ ಕೊಡಬಹುದು, ಕತ್ತರಿಯ ವಿಷಯ ಹೇಗೆ ಹೇಳುವುದು. ಹೇಳದೆ ಹೋದರೆ ಅಪ್ಪನ ಮೇಲಿನ ಮಾತು ಹಾಗೇ ಉಳಿಯುತ್ತದೆ. ಪಕ್ಷ ಹತ್ತಿರವಾದಾಗ ನಮ್ಮ ಮನೆಯವರು, “ನೀನು ಹೋಗ್ದಿದ್ರೆ ನಾನೇ ಹೋಗಿ ಕೊಟ್ಟು ಎಲ್ಲಾ ಹೇಳಿ ಬರ್ತೀನಿ” ಎಂದರು. ಅವರು ಹೇಳಿದರೆ ಇನ್ನೂ ಕೆಡುತ್ತದೆ ಎಂದು ಹೊರಟೆ.

ಅತ್ತೆಯ ಮನೆಯಲ್ಲಿ ಎಡೆಯ ದಿನ. ಒಳಗೆ ಸೊಸೆ ಕಜ್ಜಾಯ ಬೇಯಿಸುತ್ತಿದ್ದಳು. ನಡುಮನೆಯ ಗೋಡೆಗೆ ಫೋಟೋಗಳನ್ನು ಒರಗಿಸಿ, ನಡುವೆ ಕಳಸ ಇಟ್ಟಾಗಿತ್ತು. ನಾನು ಪೇಪರ್ ಬಿಚ್ಚಿ ಫೋಟೋ ಕೈಗಿಟ್ಟೆ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ದೂರ ಹಿಡಿದು ನೋಡಿದರು.

“ಯಾರವ್ವ ಈ ಉಡ್ಗ? ನಿಮ್ ಇಸ್ಕೂಲ್ನೋನಾ?”

ಅತ್ತೆ ಬಾಗಿಲ ಬೆಳಕಿಗೆ ಹೋಗಿ ಮತ್ತೆ ನೋಡಿದರು. ಫೋಟೋದಲ್ಲಿ ಮಾವ ಒಂದು ಪಾದವನ್ನು ಇನ್ನೊಂದರ ಮೇಲಿಟ್ಟು, ಗಾಡಿಯ ಚಕ್ರಕ್ಕೆ ಬೆನ್ನು ಕೊಟ್ಟು ನಿಂತಿದ್ದಾರೆ. ಅತ್ತೆಯ ಬೆರಳು ಆ ಪಾದಗಳ ಮೇಲೆ ನಿಂತಿತು. ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟರು.

“ಇಂಗೇ ನಿಂತ್ಕತ್ತಿದ್ದ ಕಣವ್ವ. ಎಲ್ಲೋದ್ರೂ ಇಂಗೇ” ಎಂದರು. ಬೆರಳನ್ನು ಮುಖದ ಮೇಲಕ್ಕೆ ತಂದು, “ಇಷ್ಟ್ ಚಿಕ್ಕೋನಾ ಇವ್ನು? ನನ್ ಜೊತೆಗೆ ಇವುನ್ಗೂ ವಯಸ್ಸಾಗದೆ ಅನ್ಕಂಡು ಇಷ್ಟ್ ದಿನ ಮುದುಕುನ್ಗೆ ಎಡೆ ಇಕ್ತಿದ್ನಲ್ಲ” ಎಂದರು. ಗಂಡನನ್ನು ಯಾವಾಗಲೂ ಅವರು ಎನ್ನುತ್ತಿದ್ದವರು ಅವತ್ತು ಮಗನನ್ನು ಕರೆಯುವಂತೆ ಕರೆದರು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು.

ಈಗ ಹೇಳದಿದ್ದರೆ ಮುಂದೆಂದೂ ಹೇಳಲಾರೆ ಎನಿಸಿತು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಕತ್ತರಿ, ಕಿಟಕಿ, ಮೈದಾ ಅಂಟು, ಬಚ್ಚಲೊಲೆ, ಚಡ್ಡಿಯಲ್ಲಿ ಉಳಿದ ಕನ್ನಡಕ. ಕೇಳುತ್ತಾ ನಿಂತಿದ್ದ ಅತ್ತೆಯ ಮಗ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಅತ್ತೆ ನನ್ನ ಕಡೆ ತಿರುಗಲಿಲ್ಲ.

“ಅಂದ್ರೆ ಅವತ್ತು ನನ್ ಮಗ ಇವುನ್ನ ಕಣ್ಣಿಗಿಟ್ಕಂಡು ನೋಡ್ದ?”

“ಹೂಂ ಅತ್ತೆ. ಎಲ್ಲಕ್ಕಿಂತ ಕಪ್ಪಗಿತ್ತು ಅಂತ ಅವನಿಗೇ ಕೊಟ್ಟೆ.”

“ಕಣ್ಗೇನೂ ಆಗ್ನಿಲ್ಲ.”

“ಆಗಲಿಲ್ಲ.”

“ಮಗನ್ನ ಎತ್ತಾಡ್ಸಕ್ಕೆ ಪುರುಸೊತ್ತಾಗ್ನಿಲ್ಲ ಅವುನ್ಗೆ. ಬಿಸ್ಲಿಗಾದ್ರೂ ಅಡ್ಡ ನಿಂತವ್ನೆ ಬುಡು” ಎಂದು ಅತ್ತೆ ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದರು. ನನ್ನ ತಲೆಯ ಮೇಲೆ ಕೈ ಇಟ್ಟರು. ಅಷ್ಟು ಸುಲಭಕ್ಕೆ ನನ್ನ ಪಾಪ ಕಳೆಯುತ್ತದೆ ಎಂದು ನಾನು ತಿಳಿದಿರಲಿಲ್ಲ.

ಆಮೇಲೆ ಅವರು ಕೇಳಿದರು, “ಅಣ್ಣಂಗೆ ಗೊತ್ತಿತ್ತಾ?”

ಪರ್ಸಿನಲ್ಲಿದ್ದ ಬೆಣ್ಣೆ ಕಾಗದದ ಕವರು ತೆಗೆದು ಆ ಸಾಲನ್ನು ಓದಿ ಹೇಳಿದೆ. ಅತ್ತೆಗೆ ಓದಲು ಬರುವುದಿಲ್ಲ. ಇನ್ನೊಂದು ಸಲ ಓದು ಎಂದರು. ಓದಿದೆ. ಎಲ್ಲಿ ಬರೆದವ್ನೆ ತೋರು ಎಂದರು. ತೋರಿಸಿದೆ. ಆ ಸಾಲಿನ ಮೇಲೆ ಬೆರಳಾಡಿಸಿ ಕವರನ್ನು ನನಗೆ ಹಿಂದಕ್ಕೆ ಕೊಟ್ಟರು. ನಾನು ಅಳುತ್ತಿದ್ದೆ, ಅವರು ಅಳಲಿಲ್ಲ. ಮುಖ ಗಂಟಿಕ್ಕಿಕೊಂಡು ಎದ್ದು ಒಳಗೆ ಹೋದರು. ಕಳಸ ತೆಗೆದು, ಆ ಜಾಗದಲ್ಲಿ ಮಾವನ ಫೋಟೋ ಇಟ್ಟು, ಹಣೆಗೆ ಕುಂಕುಮವಿಟ್ಟರು. ಅಪ್ಪನದು ಯಾವುದಾದರೂ ಫೋಟೋ ಇದೆಯಾ ಎಂದು ನನ್ನನ್ನು ಕೇಳಿದರು. ಇದ್ದದ್ದು ಮೊಬೈಲಿನಲ್ಲಿ, ಅದೇ ಬೇಸಿಗೆಯಲ್ಲಿ ಸ್ಕ್ಯಾನ್ ಮಾಡಿದ್ದು. ಸೈಕಲ್ ಹಿಡಿದು ನಿಂತ ಅಪ್ಪ. ಅತ್ತೆ ಮೊಬೈಲನ್ನು ಈಸಿಕೊಂಡು ಮಾವನ ಫೋಟೋದ ಪಕ್ಕಕ್ಕೆ ಒರಗಿಸಿ, ಅದರ ಮುಂದೆ ಇನ್ನೊಂದು ಬಾಳೆಲೆ ಹಾಸಿದರು.

ಸೊಸೆ ಕಜ್ಜಾಯದ ತಟ್ಟೆ ಹಿಡಿದು ಬಂದವಳು ನಿಂತಳು. “ಅತ್ತೆ, ಈ ಮನೇಲಿ ಈ ಮನೆಯೋರ್ಗಲ್ವಾ ಎಡೆ? ತವರ್ನೋರ್ಗೆ ಇಕ್ಕದುಂಟಾ?” ಎಂದಳು. ತಪ್ಪು ಮಾತೇನಲ್ಲ, ಇರುವ ಪದ್ಧತಿ ಅದೇ.

ಅತ್ತೆ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಅಪ್ಪನ ಎಲೆಗೆ ಮೊದಲ ಕಜ್ಜಾಯ ಇಟ್ಟರು.

“ಎಲೆ ಮುಂದ್ಲಿಂದ ಎಬ್ಬುಸ್ದೋಳು ನಾನು. ನಾನೇ ಇಕ್ತೀನಿ, ಉಣ್ಲಿ.”